ನೆಲ್ ಎಲ್ಲಿಗೆ ಹೋದ್ಲು

...ಇಲ್ಲ ಕಣೇ, ಹೇಳ್ಬಾರ್ದು. ಹೇಳ್ಬಾರ್ದು ಅಂದಿದಾಳೆ ಅಮ್ಮ. ಯಾರಿಗೂ ಹೇಳ್ಬಾರ್ದು, ಅದರಲ್ಲೂ ಇರಾಗೆ... ಅಂದ್ರೆ ನಿಂಗೆ... ನಿಂಗಂತೂ ಬಾಯಿ ಬಿಡ್ಲೇಬಾರ್ದು ಅಂತ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದಾಳೆ. ಯಾರ ತಲೆ ಅಂತನಾ? ನಿಂದೇ! ನೀನು ಮಧ್ಯಾಹ್ನ ಸೋಫಾ ಮೇಲೆ ಬಾಯಿ ತೆಕ್ಕೊಂಡು ಬಿದ್ಕೊಂಡಿದ್ದೆ. ಅಮ್ಮ ನನ್ನ ಕೈ ತಗೊಂಡು ನಿನ್ನ ನೆತ್ತಿ ಮೇಲಿಟ್ಲು. "ಸಂಹಿತಾ, ತಂಗಿ ಮೇಲಾಣೆ, ಇವಳಿಗೆ ಗೊತ್ತಾಗ್ಕೂಡ್ದು." ನಿನ್ನ ತಲೆ ಬೆವತಿತ್ತು. ಕೈಯೆಲ್ಲ ಅಂಟಂಟು...

ನಗು, ನಗು. ಪಿಎಚ್‌ಡಿ ಮಾಡ್ದೋಳು ಆಣೆ ಗೀಣೆ ಅಂತಾಳಲ್ಲ ಅಂತ ತಾನೇ? ನಂಗೂ ಆಗ ನಗು ಬಂದಿತ್ತು. ಆಮೇಲೆ ಬರ್ಲಿಲ್ಲ.

ಆ ಬುಟ್ಟಿ ಕೆಳಗಿಡು, ಭಾರ ಇದೆ. ಮೊದಲ್ನೇ ಮಷಿನ್ ತಿರುಗ್ತಾ ಇರ್ಲಿ, ಇನ್ನೊಂದಕ್ಕೆ ಆಮೇಲೆ ಹಾಕಣ. ಮೇಜಿನ ಮೇಲೇ ಹತ್ತಿ ಕೂತ್ಕೋ, ಏನೂ ಆಗಲ್ಲ. ಊಟದ ಹೊತ್ತಿನ ತನಕ ಬಿಲ್ಡಿಂಗಿನ ಈ ಲಾಂಡ್ರಿ ರೂಮ್ ನಮ್ಮ ಹೆಸರಲ್ಲೇ ಬುಕ್ ಆಗಿದೆ, ಯಾರೂ ಬರಲ್ಲ. ಸ್ವೀಡನ್ನಿಗೆ ಬಂದಾಗಿಂದ ಇಡೀ ಲುಂಡ್ ಊರಲ್ಲಿ ಅಪ್ಪ ಅಮ್ಮ ಕಿವಿಗೆ ಬೀಳ್ದೆ ನಾವಿಬ್ರೂ ಮಾತಾಡ್ಬಹುದಾದ ಜಾಗ ಅಂದ್ರೆ ಈ ನೆಲಮಾಳಿಗೆ ಒಂದೇ... ಗೋಡೆ ಮೇಲಿನ ಚೀಟಿ ಓದ್ಬೇಡ. ಗೊತ್ತಿರೋದೇ. "ಫಿಲ್ಟರಲ್ಲಿ ಮತ್ತೆ ಯಾರೋ ಕಸ ಬಿಟ್ಟೋಗಿದಾರೆ, ನಾಚಿಕೆ ಆಗ್ಬೇಕು", ಕೆಳಗೊಂದು ಸ್ಮೈಲಿ. ಇಲ್ಲಿ ಬೈಯೋದೂ ನಗುಮುಖ ಹಾಕಿ! ಅದನ್ನ ನೆನಪಿಟ್ಕೋ, ಇರಾ. ನಗುಮುಖ ಹಾಕಿದ ಕಡೆನೇ ಜಾಸ್ತಿ ಹುಷಾರಾಗಿರ್ಬೇಕು.

ಏನು ಗೊತ್ತಾಗ್ಬಾರ್ದು ಅಂತ ತಾನೇ ನಿಂಗೆ? ಹೇಳ್ತೀನಿ. ಹೇಳ್ಲೇಬೇಕು, ಭಾನುವಾರ ಬಂದ್ರೆ ನೀನು ಏರ್‌ಪೋರ್ಟಲ್ಲಿರ್ತೀಯ. ಆದ್ರೆ ನಂಗೆ ಮಾತಾಡೋಕೆ ಬರಲ್ಲ, ನಿಂಗೇ ಗೊತ್ತಲ್ಲ. ಕ್ಲಾಸಲ್ಲಿ ಟೀಚರ್ ಹೆಸರು ಕರೆದ್ರೆ ಸಾಕು, ಕಿವಿ ಬೆಂಕಿ ಆಗುತ್ತೆ. ಅದಕ್ಕೇ ನಂಗೆ ಬರೋ ದಾರೀಲೇ ಹೋಗ್ತೀನಿ. ಕ್ಲ್ಯಾಟರ್ ಕತೆ ಹೇಳ್ತೀನಿ.

ಅಯ್ಯೋ, ಮುಖ ಹಂಗೆ ಮಾಡ್ಬೇಡ! ನಿಂಗೆ ಗೊತ್ತಿರೋದು ಕ್ಲ್ಯಾಟರ್ ಒಳಗಿನ ಕತೆಗಳು. ಕ್ಲ್ಯಾಟರ್‌ದೇ ಕತೆ ಗೊತ್ತಾ? ಅಮ್ಮ ಐದು ವರ್ಷ ಯೂನಿವರ್ಸಿಟೀಲಿ ಕೂತು ಅಗೆದಿದ್ದು ಅದನ್ನೇ. "ಮಾಲತಿ ಏನು ರಿಸರ್ಚ್ ಮಾಡ್ತಾರೆ?" ಅಂತ ಯುಗಾದಿ ಪಾರ್ಟೀಲಿ ಯಾರಾದ್ರೂ ಕೇಳಿದ್ರೆ ಅಪ್ಪ ತಟ್ಟೆ ನೋಡ್ಕೊಂಡು "ಹಿಸ್ಟರಿ" ಅಂತಿದ್ರಲ್ಲ, ಆ ಹಿಸ್ಟರಿ ಇದೇ. ಇಂಗ್ಲೆಂಡಿನ ಮಕ್ಕಳಿಗೆ ಅಂತ ವಾರ ವಾರ ಬರ್ತಿದ್ದ ಒಂದು ನಗೆ ಪತ್ರಿಕೆ. ಕಾಮಿಕ್ಸು ಅನ್ನೋಕೆ ಅಪ್ಪಂಗೆ ಅವಮಾನ.

ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಶುರುವಾಯ್ತಂತೆ. ಬರೀ ತಮಾಷೆ. ಕೋಲು ಹಿಡ್ಕೊಂಡ ಮೇಷ್ಟ್ರು, ಸಾಸೇಜ್ ಕದಿಯೋ ನಾಯಿ, ಕಿಟಕಿ ಗಾಜು ಒಡೆದು ಓಡೋ ಮಕ್ಕಳು. ಮೊದಲ್ನೇ ವಾರ ಜೊತೇಲಿ ಒಂದು ಕಾಗದದ ಪಟಾಕಿ ಫ್ರೀ, ಬೀಸಿದ್ರೆ ಢಂ ಅನ್ನೋದು. ಎರಡನೇ ವಾರ ಮಿಠಾಯಿ ಫ್ರೀ. ಮೂರನೇ ವಾರ? ಏನೂ ಇಲ್ಲ! ಅಷ್ಟೊತ್ತಿಗೆ ಮಕ್ಕಳು ಅಂಟ್ಕೊಂಡಿರ್ತಾರಲ್ಲ, ಇನ್ಯಾಕೆ ಕೊಡ್ಬೇಕು? ನಿಂಗೆ ಹೋದ ತಿಂಗಳು ಸ್ಕೂಟರ್ ಕೊಡಿಸಿದ್ರಲ್ಲ, ಬರ್ತ್‌ಡೇನೂ ಇಲ್ಲ ಏನೂ ಇಲ್ಲ... ಇರ್ಲಿ ಬಿಡು.

ಯುದ್ಧ ಬಂದ್ಮೇಲೆ ಕಾಗದ ಸಿಗ್ಲಿಲ್ಲ. ವಾರಕ್ಕೊಂದಿದ್ದಿದ್ದು ಎರಡು ವಾರಕ್ಕೊಂದಾಯ್ತು, ತೆಳ್ಳಗಾಯ್ತು. ಆದ್ರೂ ನಿಲ್ಲಲಿಲ್ಲ. ಬಾಂಬ್ ಬಿದ್ದ ಬೀದೀಲೂ ಮಕ್ಕಳು ಅಂಗಡಿ ಮುಂದೆ ಕಾಯ್ತಿದ್ವಂತೆ. ಅಮ್ಮ ಇದನ್ನ ಹೇಳುವಾಗೆಲ್ಲ ಕಣ್ಣಲ್ಲಿ ನೀರು. ಮನೇಲಿ ಕಾಯ್ತಿರೋ ಮಕ್ಕಳು ಕಾಣಲ್ಲ ಅವಳಿಗೆ. ಸ್ಕೂಲ್ ಮುಗಿದ್ಮೇಲೆ ಮಕ್ಕಳನ್ನ ನೋಡ್ಕೊಳ್ಳೋ ಫ್ರಿಟಿಡ್ಸಲ್ಲಿ ಎಲ್ಲ ಮಕ್ಕಳೂ ಹೋಗಿ ನೀನೊಬ್ಬಳೇ ಜಾಕೆಟ್ ಹಾಕ್ಕೊಂಡು ಬೆಂಚ್ ಮೇಲೆ ಕೂತಿರ್ತಿದ್ದೆ. ಯಾರು ಬರ್ತಿದ್ದಿದ್ದು ಕರ್ಕೊಂಡು ಹೋಗೋಕೆ? ಅಪ್ಪನಾ? ಅಪ್ಪಂಗೆ ಬೆಂಗಳೂರಿನ ಟೀಮ್ ಜೊತೆ ಕಾಲ್. ಅಮ್ಮನಾ? ಅಮ್ಮಂಗೆ ಚಾಪ್ಟರ್. ನಾನು. ಸೈಕಲ್ ತುಳ್ಕೊಂಡು ನಾನು... ಇಲ್ಲ, ನಿನ್ನ ಮೇಲೆ ಕೋಪ ಇಲ್ಲ. ನಿನ್ನ ಮೇಲೆ ಅಲ್ಲ.

ಇನ್ನೊಂದು ಗೊತ್ತಾ? ಮುಖಪುಟದ ಮೇಲೆ ಯಾವಾಗ್ಲೂ ಮುಂದಿನ ವಾರದ ತಾರೀಖು. ಮತ್ತೆ ನೀನು ಓದಿ ನಗೋ ಹೊತ್ತಿಗೆ ಆಫೀಸಲ್ಲಿ ಮುಂದಿನ ಎಷ್ಟೋ ವಾರದ್ದು ಬರೆದು ಮುಗಿದಿರುತ್ತೆ. ಯಾರು ಇರ್ತಾರೆ, ಯಾರು ಇರಲ್ಲ, ಎಲ್ಲಾ ತೀರ್ಮಾನ ಮಾಡಿ ಎಡಿಟರ್‌ಗಳು ಟೀ ಕುಡೀತಿರ್ತಾರೆ. ಓದೋ ಮಗು ಮಾತ್ರ "ಮುಂದಿನ ವಾರ ಏನಾಗುತ್ತೋ" ಅಂತ ಬಾಯಿ ಬಿಟ್ಕೊಂಡು ಕಾಯ್ತಿರುತ್ತೆ.

ಯಾಕೆ ನನ್ನನ್ನೇ ಹಂಗೆ ನೋಡ್ತೀಯ? ಇರು, ಬಂದೆ, ಅಲ್ಲಿಗೇ ಬಂದೆ.

ಡಾಲಿ ಮತ್ತು ನೆಲ್. ಹಾ, ಈಗ ಕಿವಿ ನೆಟ್ಟಗಾಯ್ತು ನೋಡು! ಅವರು ಮೊದಲು ಕ್ಲ್ಯಾಟರಲ್ಲಿ ಇರ್ಲೇ ಇಲ್ಲ. ಟಿಡ್ಲರ್ ಅಂತ ಇನ್ನೊಂದು ಪತ್ರಿಕೆ ಇತ್ತು, ಬಡಕಲು, ಅದರಲ್ಲಿದ್ರು ಅವರು. ಅಕ್ಕ ತಂಗಿಗೆ ಸೇರಿ ಒಂದೇ ಜೊತೆ ರೋಲರ್ ಸ್ಕೇಟು. ಡಾಲಿ ಬಲಗಾಲಿಗೊಂದು, ನೆಲ್ ಎಡಗಾಲಿಗೊಂದು. ಹೆಗಲ ಮೇಲೆ ಕೈ ಹಾಕ್ಕೊಂಡ್ರೆ ಮಾತ್ರ ಬಂಡಿ ಮುಂದಕ್ಕೆ. ಒಬ್ಬಳು ಸೀನಿದ್ರೆ ಇಬ್ಬರೂ ಚರಂಡಿಗೆ. ನೀನು ಕೆಳಗಡೆ ಪಾರ್ಕಿಂಗಲ್ಲಿ ನನ್ನ ಕೈಲೂ ಮಾಡಿಸಿದ್ಯಲ್ಲ, ಲೊಪ್ಪಿಸ್ ಸಂತೇಲಿ ಯಾರೋ ಮಾರೋಕಿಟ್ಟಿದ್ದ ಹಳೇ ಸ್ಕೇಟ್ ತಂದು! ಇಬ್ಬರ ಮಂಡೀನೂ ಕಿತ್ತೋಯ್ತು. ನೀನು ಯಾವಾಗ್ಲೂ ನೆಲ್, ನಾನು ಯಾವಾಗ್ಲೂ ಡಾಲಿ. ಹಂಗೆ ಹಂಚಿದ್ದು ನೀನೇ. ನಾನಲ್ಲ... ಹೂಂ. ನಾನಲ್ಲ.

ಅದನ್ನ ಬರೀತಿದ್ದಿದ್ದು ಆಲಿವ್ ಅಂತ ಒಬ್ಬಳು ಹೆಂಗಸು. ಹೆಸರು ಎಲ್ಲೂ ಹಾಕೋ ಹಂಗಿರ್ಲಿಲ್ಲ. ಆಗ ಯಾರೂ ಸಹಿ ಹಾಕೋ ಹಂಗಿಲ್ಲ, ಹಾಕಿದ್ರೆ ಆಫೀಸಲ್ಲಿ ಬಿಳಿ ಬಣ್ಣ ಬಳಿದು ಅಳಿಸ್ತಿದ್ರು. ಬರೆದ ಚಿತ್ರ ವಾಪಸ್ ಕೊಡ್ತಿರ್ಲಿಲ್ಲ. ಪ್ರೆಸ್ಸಲ್ಲಿ ಮಸಿ ಒರೆಸೋಕೆ ಹಾಕ್ಕೊಳ್ತಿದ್ರಂತೆ! ಅವಳು ಮಾತ್ರ ಪ್ರತಿ ವಾರ ಮೂಲೇಲಿ ಒಂದು ಬಸವನಹುಳ ಬರೀತಿದ್ಲು. ಅದೇ ಅವಳ ಸಹಿ. ನೀನೇ ಅದನ್ನ ಮೊದಲು ಕಂಡುಹಿಡಿದಿದ್ದು, ಅಲ್ವಾ? ನೆಲದ ಮೇಲೆ ಹೊಟ್ಟೆ ಮೇಲೆ ಮಲ್ಕೊಂಡು, "ಅಕ್ಕಾ, ಇಲ್ಲೂ ಇದೆ, ಇಲ್ಲೂ ಇದೆ!" ಅಂತ. ಅಮ್ಮ ಅದನ್ನ ಥೀಸಿಸಲ್ಲಿ ಹಾಕಿದ್ಲು. ನಿನ್ನ ಹೆಸರು ಹಾಕಿದ್ಲಾ? ಇಲ್ಲ. ಅಮ್ಮನೂ ಒಂದು ಥರ ಎಡಿಟರೇ.

ಸರಿ. ಒಂದು ದಿನ ಟಿಡ್ಲರ್ ಮಾರಾಟ ಬಿದ್ದೋಯ್ತು. ಮುಚ್ಬೇಕು. ಮಕ್ಕಳಿಗೆ ಹೇಗೆ ಹೇಳೋದು? "ದುಡ್ಡಿಲ್ಲ, ಮುಚ್ತಿದ್ದೀವಿ, ಕ್ಷಮಿಸಿ" ಅಂತ ಯಾರಾದ್ರೂ ಹೇಳ್ತಾರಾ? ಊಹೂಂ. ಮುಖಪುಟದ ಮೇಲೆ ಕೆಂಪು ಅಕ್ಷರ, ಸುತ್ತ ನಕ್ಷತ್ರ. "ಗೆಳೆಯರೇ, ಭರ್ಜರಿ ಸುದ್ದಿ ಒಳಗಿದೆ!" ಒಳಗೆ ನೋಡಿದ್ರೆ, ಮುಂದಿನ ವಾರದಿಂದ ನಿಮ್ಮ ಟಿಡ್ಲರ್, ಕ್ಲ್ಯಾಟರ್ ಜೊತೆ ಸೇರುತ್ತೆ, ಎರಡು ಪಟ್ಟು ಮಜಾ, ಇವತ್ತೇ ಅಂಗಡಿಯವರಿಗೆ ಹೇಳಿಡಿ! ಸಾಯ್ತಿದ್ದೀವಿ ಅನ್ನೋದನ್ನ ಮದುವೆ ಕರೆಯೋಲೆ ಥರ ಬರೀತಿದ್ರು, ಇರಾ. ಇದೊಂದೇ ಅಲ್ಲ, ಆಗ ಎಷ್ಟು ಪತ್ರಿಕೆ ಸತ್ತವೋ ಅಷ್ಟಕ್ಕೂ ಹಿಂಗೇ ಅಂತಾಳೆ ಅಮ್ಮ. ಭರ್ಜರಿ ಸುದ್ದಿ ಅಂತ ನೋಡಿದ ತಕ್ಷಣ ದೊಡ್ಡ ಮಕ್ಕಳಿಗೆ ಗೊತ್ತಾಗೋಗ್ತಿತ್ತಂತೆ, ತಮ್ಮ ಪತ್ರಿಕೆ ಮುಗೀತು ಅಂತ.

ಮೊದಲ್ನೇ ವಾರ ಹೆಡ್ಡಿಂಗು "ಕ್ಲ್ಯಾಟರ್ ಮತ್ತು ಟಿಡ್ಲರ್", ಎರಡೂ ಒಂದೇ ಸೈಜು. ಆಮೇಲೆ ಟಿಡ್ಲರ್ ಸ್ವಲ್ಪ ಚಿಕ್ಕದು. ಆಮೇಲೆ ಇನ್ನೂ ಚಿಕ್ಕದು, ಸೊಳ್ಳೆ ಥರ. ಆಮೇಲೊಂದು ವಾರ ಇಲ್ಲ. ಯಾರೂ ಏನೂ ಹೇಳ್ಲಿಲ್ಲ. ಸೊಳ್ಳೆ ಹೋದ್ರೆ ಯಾರು ಕೇಳ್ತಾರೆ?

ಡಾಲಿ–ನೆಲ್‌ಗೆ ಅಲ್ಲಿ ಒಂದು ಪುಟ ಇತ್ತು, ಇಲ್ಲಿ ಅರ್ಧ ಪುಟ ಕೊಟ್ರು. ಅರ್ಧ ಪುಟದಲ್ಲಿ ಇಬ್ಬರು ಹಿಡಿಸಲ್ಲ ಅಂದ್ರು. ಆವಾಗ ಪತ್ರಿಕೇಲಿ ಒಂದು ಕೂಪನ್ ಬರೋದು. ಕತ್ತರಿಸಿ, ನಿಮಗೆ ಇಷ್ಟ ಆದ ಮೂರು ಹೆಸರು ಬರೆದು ಪೋಸ್ಟ್ ಮಾಡಿ ಅಂತ. ಅಷ್ಟೇ. ಯಾರು ಬೇಡ ಅಂತ ಕೇಳ್ತಿರ್ಲಿಲ್ಲ, ಪಾಪ, ಒಳ್ಳೇ ಜನ! ಯಾರು ಬೇಕು ಅಂತ ಮಾತ್ರ. ಯಾವ ಮಗೂನೂ "ನೆಲ್ ಬೇಡ" ಅಂತ ಬರೀಲಿಲ್ಲ. "ಡಾಲಿ" ಅಂತ ಬರೆದ್ರು. ಅವಳ ಹೆಸರು ಮೊದಲು ಬರುತ್ತಲ್ಲ, ಅದಕ್ಕೆ. ನೆಲ್ ಇದ್ದೇ ಇರ್ತಾಳೆ ಅಂದ್ಕೊಂಡ್ರು. ಅಷ್ಟಕ್ಕೇ ನೆಲ್ ಹೋದ್ಲು.

ಹೂಂ, ನಮ್ಮನೇ "ಮೂರು ಹೇಳು" ಬಂದಿದ್ದು ಅಲ್ಲಿಂದಾನೇ. ನಿಂಗೆ ಗೊತ್ತಿರ್ಲಿಲ್ವಾ? ಪಿಜ್ಜಾ ಮೇಲೆ ಏನು ಹಾಕ್ಬೇಕು ಅಂದ್ರೂ ಅಮ್ಮ ಮೂರು ಬೆರಳು ಎತ್ತೋದು, ನಾವು ಒಂದೊಂದು ಹೆಸರು ಹೇಳಿ ಒಂದೊಂದು ಬೆರಳು ಮಡಚೋದು. ರಜಕ್ಕೆ ಎಲ್ಲಿ? ಮೂರು ಹೇಳು. ಬೆಂಗಳೂರಿಂದ ಏನು ತರ್ಬೇಕು? ಮೂರು ಹೇಳು. ಬೇರೆ ಮನೆಗಳಲ್ಲಿ ಜಗಳ ಆಡಿ ತೀರ್ಮಾನ ಮಾಡ್ತಾರೆ. ನಮ್ಮನೇಲಿ ಎಡಿಟರ್‌ಗಳು ಎಣಿಸ್ತಾರೆ.

ನೆಲ್‌ದು ಕೊನೇ ಚಿತ್ರ ನೆನಪಿದ್ಯಾ? ಮೂಲೆ ತಿರುಗ್ತಿದಾಳೆ, ಬರೀ ಒಂದು ಹಿಮ್ಮಡಿ ಕಾಣುತ್ತೆ, ಆ ಒಂಟಿ ಸ್ಕೇಟು. ಡಾಲಿ ಇತ್ಲಾಗೆ ನಿಂತು "ಬೇಗ ಬಾರೇ!" ಅಂತಾಳೆ. ಮುಂದಿನ ವಾರ ಡಾಲಿ ಕಾಲಲ್ಲಿ ಎರಡೂ ಸ್ಕೇಟು! ಏನು ಸ್ಪೀಡು, ಒಂದ್ಸಲಾನೂ ಬೀಳಲ್ಲ. ಆ ವಾರದಿಂದ ಬಸವನಹುಳಾನೂ ಇಲ್ಲ. ನೀನು ಅವತ್ತು ಎಷ್ಟು ಅತ್ತೆ, "ನೆಲ್ ಎಲ್ಲಿ ಹೋದ್ಲು, ನೆಲ್ ಎಲ್ಲಿ ಹೋದ್ಲು" ಅಂತ. ಆವಾಗಲೂ ಯಾವುದೋ ಮಗು ಕಾಗದ ಬರೆದು ಕೇಳಿತ್ತಂತೆ. ಎಡಿಟರ್ ಉತ್ತರ ಏನು ಗೊತ್ತಾ? "ನೆಲ್ ಸಮುದ್ರದ ಹತ್ರ ಚಿಕ್ಕಮ್ಮನ ಮನೇಲಿ ಮಜವಾಗಿದಾಳೆ, ಆಮೇಲೆ ಬರ್ತಾಳೆ!"

ಆಮೇಲೆ ಬರ್ತಾಳೆ.

...ಎಲ್ಲೋ ಕೇಳಿದಂಗಿದ್ಯಾ? ಇದ್ಯಾ, ಇರಾ?

ಏನಂದೆ? ಸ್ವೀಡಿಷಲ್ಲಿ ಗೊಣಗ್ಬೇಡ. ಸ್ಲೂತಾ? ನಿಲ್ಸೋದಾ? ಇನ್ನೂ ಶುರುನೇ ಮಾಡಿಲ್ಲ ನಾನು.

ಜೂನಲ್ಲಿ, ನಿಂಗೆ ಸ್ಕೂಲ್ ಮುಗಿದ ದಿನ, ಟೇಬಲ್ ಮೇಲೆ ಒಂದು ಮುಖಪುಟ ಇತ್ತಲ್ಲ? ಕ್ಲ್ಯಾಟರ್ ಥರಾನೇ. ಕೆಂಪು ಅಕ್ಷರ, ನಕ್ಷತ್ರ, "ಭರ್ಜರಿ ಸುದ್ದಿ! ಇರಾ ಇಂಗ್ಲೆಂಡಿಗೆ!" ಪುಟ್ಟ ಫ್ರಾಕ್ ಹಾಕ್ಕೊಂಡಿರೋ ನಿನ್ನ ಕೈ ಹಿಡ್ಕೊಂಡು ಅಮ್ಮ ಹಡಗಲ್ಲಿ ನಿಂತಿರೋ ಚಿತ್ರ. ನೀನು ಕುಣಿದಿದ್ದೇ ಕುಣಿದಿದ್ದು. "ಕ್ಲ್ಯಾಟರ್ ಪ್ರಿಂಟ್ ಆಗ್ತಿದ್ದ ಊರಿಗೆ ಹೋಗ್ತಿದ್ದೀನಿ" ಅಂತ ನಿನ್ನ ಫ್ರೆಂಡ್ ಧ್ರುವ್‌ಗೆ ಫೋನು, ಪಕ್ಕದ್ಮನೆ ಅಜ್ಜಿಗೆ ಹೇಳಿದ್ದು, ಮೇಂಟೆನೆನ್ಸಿಗೆ ಬಂದ ಮನುಷ್ಯನ್ನೂ ಬಿಡ್ಲಿಲ್ಲ. ಅದನ್ನ ಬರೆದಿದ್ದು ಯಾರು?

ಅಮ್ಮ ಅಲ್ಲ. ಅಮ್ಮಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ. ನಾನು. "ಅವಳಿಗೆ ಕ್ಲ್ಯಾಟರ್ ಅಂದ್ರೆ ಪ್ರಾಣ, ಹಂಗೇ ಹೇಳಿದ್ರೆ ಖುಷಿಯಾಗಿ ಒಪ್ಕೋತಾಳೆ" ಅಂದ್ಲು. ಇಡೀ ಪ್ರಪಂಚದಲ್ಲಿ ಆ ಕೆಂಪು ಅಕ್ಷರದ ಅರ್ಥ ಗೊತ್ತಿರೋರು ಎಷ್ಟು ಜನ ಇದಾರೋ, ಅದರಲ್ಲಿ ಅಮ್ಮ ಒಬ್ಬಳು! ಅದರ ಮೇಲೇ ಒಂದು ಚಾಪ್ಟರ್ ಬರೆದಿದಾಳೆ! ಆದ್ರೂ ಅದನ್ನೇ ಬರೆಸಿದ್ಲು, ಸ್ವಂತ ಮಗಳಿಗೆ. ಗೊತ್ತಾಗ್ಲೇ ಇಲ್ಲ ಅವಳಿಗೆ ತಾನೇನು ಮಾಡ್ತಿದ್ದೀನಿ ಅಂತ. ನಂಗೆ ಗೊತ್ತಾಯ್ತು. ಆದ್ರೂ ಬಣ್ಣ ತುಂಬಿದೆ. ನೀಟಾಗಿ ತುಂಬಿದೆ.

ಯಾವ ಸುದ್ದಿ ಅಂತನಾ... ಅಮ್ಮ ಅಪ್ಪ ಬೇರೆ ಆಗ್ತಿದಾರೆ ಕಣೇ. ಜಗಳ ಏನಿಲ್ಲ. ಅದೇ ಬೇಜಾರು, ಒಂದು ಒಳ್ಳೇ ಜಗಳಾನೂ ಆಡ್ಲಿಲ್ಲ. ಫಿಕಾಗೆ ಕೂತ ಹಾಗೆ ಎದುರು ಬದುರು ಕೂತು ಕಾಫಿ ಕುಡೀತಾ ಮಾತಾಡ್ಕೊಂಡು ಮುಗಿಸಿದ್ರು. ಅಮ್ಮಂಗೆ ಇಲ್ಲಿ ಕೆಲಸ ಮುಗೀತು, ಇಂಗ್ಲೆಂಡಲ್ಲಿ ಆ ಹಳೇ ಪೇಪರ್‌ಗಳನ್ನೆಲ್ಲ ಇಟ್ಟಿರೋ ಕಡೆ ಸಿಕ್ತು. ಅಪ್ಪ ಇಲ್ಲೇ ಇರ್ತಾರೆ. ಈ ಮನೆ ಬಿಟ್ಟು ಸ್ಟೇಷನ್ ಹತ್ರ ಚಿಕ್ಕದೊಂದು ನೋಡಿದಾರೆ. "ಅಪ್ಪ ಪ್ರತೀ ತಿಂಗಳು ಬಂದು ಹೋಗ್ತಾರೆ" ಅಂದ್ರಲ್ಲ ನಿಂಗೆ, ಅದರ ಅರ್ಥ ಅದು. ಹೆಡ್ಡಿಂಗಲ್ಲಿ ಚಿಕ್ಕದಾಗ್ತಾ ಹೋಗೋದು.

ಅಳ್ತೀಯ ಅಂದ್ಕೊಂಡೆ. ಅಳ್ತಿಲ್ವಲ್ಲ ನೀನು... ಗೊತ್ತಿತ್ತಾ? ತಲೆ ಆಡಿಸ್ತೀಯ, ಹೂಂ ಅನ್ನೋಕಾ ಊಹೂಂ ಅನ್ನೋಕಾ? ಅಪ್ಪ ಸೋಫಾ ಮೇಲೆ ಮಲಗೋದು ನೋಡಿದ್ಯಾ... ಹೂಂ. ನೋಡಿರ್ತೀಯ. ಎಲ್ಲಾ ನೋಡ್ತೀಯ ನೀನು. ಬಸವನಹುಳಾನೇ ನೋಡ್ದೋಳು.

ಮತ್ಯಾಕೆ ನಗ್ತಿದ್ದೀಯ? ಏನು... ನಾನು ಬಂದಾಗ ತರ್ಬೇಕಾ? ಮಂಚದ ಮೇಲಿನ ಲೈಟಾ? ಅಲ್ಲಿ ಬೀರುವಲ್ಲಿ ಅರ್ಧ ನಂಗೆ ಬಿಟ್ಟಿರ್ತೀಯಾ...

ಇರಾ. ಇರಾ, ಕೇಳು ಇಲ್ಲಿ. ಅದನ್ನೇ ಹೇಳೋಕೆ ಬಂದಿದ್ದು ನಾನು. ಇಷ್ಟು ಹೊತ್ತು ಸುತ್ತಿ ಬಳಸಿ...

ಬುಟ್ಟಿ ಬಿಡು, ನಾನು ಹಾಕ್ತೀನಿ. ಬಿಡು ಅಂದ್ನಲ್ಲ! ಯಾಕೆ ಎಲ್ಲಾ ಹೊರಗೆ ಎಳೀತಿದ್ದೀಯ? ಅದು ನಿನ್ನ ಮಳೆ ಪ್ಯಾಂಟು. ಅದು ಅಮ್ಮನ ಕುರ್ತಾ. ನಿನ್ನ ಟೋಪಿ, ನಿನ್ನ ಗ್ಲೌಸು, ಅಮ್ಮನ ಸ್ವೆಟರ್... ಮಷಿನ್ ಒಳಗೆ ಏನು ಬಗ್ಗಿ ನೋಡ್ತೀಯ? ಅದರಲ್ಲೂ ಅಷ್ಟೇ. ನಿಂದು, ಅಮ್ಮಂದು.

ನಂದಿಲ್ಲ.

ಒಂದು ಸಾಕ್ಸೂ ಇಲ್ಲ. ಹೂಂ.

"ಅಕ್ಕಂದು ಎಕ್ಸಾಮ್ ಇದೆ, ಆಮೇಲೆ ಬರ್ತಾಳೆ" ಅಂದಿದ್ದು ಸುಳ್ಳು. ಸಮುದ್ರದ ಹತ್ರ ಚಿಕ್ಕಮ್ಮನ ಮನೆ. ನಾನು ಬರಲ್ಲ. ಅಪ್ಪನ ಜೊತೆ ಇರ್ತೀನಿ. ಭಾನುವಾರ ಟ್ರೇನಲ್ಲಿ ಏರ್‌ಪೋರ್ಟ್ ತನಕ ಬಂದು ಟಾಟಾ ಮಾಡಿ ವಾಪಸ್ ಬಂದ್ಬಿಡ್ತೀನಿ. ಅಲ್ಲೂ ನಗ್ತಾ ಟಾಟಾ ಮಾಡ್ಬೇಕು ಅಂದಿದಾಳೆ ಅಮ್ಮ. ಸ್ಮೈಲಿ...

ಏನಾದ್ರೂ ಅನ್ನು. ಬೈಯಿ. ಸ್ವೀಡಿಷಲ್ಲಾದ್ರೂ ಬೈಯಿ.

ನಾನೇನು ಮಾಡ್ಲಿ? ದೊಡ್ಡೋರ ತೀರ್ಮಾನ. ಅಮ್ಮ, ಅಪ್ಪ, ಇಬ್ಬರೂ ಕೂತು... ನನ್ನನ್ನ ಯಾರು ಕೇಳ್ತಾರೆ? ನಾನು ಯಾರು? ಎಡಿಟರ್‌ಗಳು ಟೀ ಕುಡೀತಾ ಎಲ್ಲಾ ಮುಗಿಸಿಬಿಟ್ಟಿದ್ರು. ನಂಗೆ ಗೊತ್ತಾಗೋ ಹೊತ್ತಿಗೆ ಪ್ರಿಂಟೇ ಆಗಿತ್ತು ಅಂದ್ಕೋ. ನನ್ನ ಕೈಲಿ ಏನಿತ್ತು ಹೇಳು? ಹೇಳೇ. ಏನಿತ್ತು?

...ಏನದು?

ಯಾಕೆ ಬೆರಳು ಎತ್ತಿದ್ದೀಯ?

ಇಳಿಸು ಕೈ. ಆಟ ಅಲ್ಲ ಇದು. ಇರಾ, ಇಳಿಸು... ಇಳಿಸೇ ಪುಟ್ಟಿ. ಹಂಗೆ ನೋಡ್ಬೇಡ ನನ್ನ.

ಹೂಂ. ಕೇಳಿದ್ಲು. ನಿನ್ನನ್ನೂ ಕೇಳಿದ್ಲಲ್ಲ, ಚಳಿಗಾಲದಲ್ಲಿ, ಅಡುಗೆಮನೇಲಿ? "ಇರಾ, ನಿಂಗೆ ಬಿಟ್ಟಿರೋಕಾಗದೇ ಇರೋದು, ಮೂರು ಹೇಳು." ನೀನು ಬಾಯಿ ತುಂಬ ಚಕ್ಕೆ ಹಾಕಿದ ಬನ್ನು, ಕನೇಲ್‌ಬುಲ್ಲೆ ತುಂಬ್ಕೊಂಡು ಅಮ್ಮನ ಬೆರಳು ಮಡಚಿದ್ದೆ. ಅಕ್ಕ. ಕ್ಲ್ಯಾಟರ್. ಕನೇಲ್‌ಬುಲ್ಲೆ. ಎಲ್ಲರೂ ನಕ್ವಿ. ನಿಂದು ತಮಾಷೆ ಅಂದ್ಕೊಂಡ್ರು.

ಆಮೇಲೆ ನನ್ನ ರೂಮಿಗೆ... ನಮ್ಮ ರೂಮಿಗೆ ಬಂದ್ಲು. ಬಾಗಿಲು ಹಾಕಿದ್ಲು. ಬೇರೆ ಆಗೋ ವಿಷಯ ಹೇಳಿದ್ಲು. "ನೀವಿಬ್ರೂ ನನ್ನ ಜೊತೆ ಬರ್ಬಹುದು, ಇಲ್ಲಾ ಇಬ್ರೂ ಅಪ್ಪನ ಜೊತೆ ಇರ್ಬಹುದು. ಎಲ್ಲಿದ್ರೂ ನಿಮ್ಮಿಬ್ರಿಗೂ ಸೇರಿ ಒಂದು ರೂಮ್ ಇರುತ್ತೆ, ಈಗಿನ ಥರಾನೇ. ಇರಾನ ನೀನೇ ನೋಡ್ಕೋಬೇಕಾಗುತ್ತೆ, ಈಗಿನ ಥರಾನೇ" ಅಂದ್ಲು. ಆಮೇಲೆ ಬೆರಳು ಎತ್ತಿದ್ಲು. "ಮೂರು ಹೇಳು, ಸಂಹಿತಾ."

ಇದರಿಂದ ಇಷ್ಟೆಲ್ಲ ಆಗುತ್ತೆ ಅಂತ ನಂಗೆ... ಕೈ ಇಳಿಸಲ್ವಾ ನೀನು?

ಸರಿ. ಕೊಡು.

ಒಂದು, ಸ್ಕೂಲು. ಲುಂಡಿನ ನನ್ನ ಸ್ಕೂಲು. ಆ ಬೆರಳು ಮಡಚಿದೆ.

ಎರಡು, ಲೈಬ್ರರಿ. ಆ ಕಿಟಕಿ ಹತ್ರದ ಕುರ್ಚಿ. ಅಲ್ಲಿ ಯಾರೂ ನನ್ನ ಹೆಸರು ಕರೆಯಲ್ಲ.

ಮೂರು...

ನೀನು ಇದ್ದೇ ಇರ್ತೀಯ ಅಂದ್ಕೊಂಡೆ ಕಣೇ. ಇದ್ದೇ ಇರೋರ ಹೆಸರು ಯಾರಾದ್ರೂ ಹೇಳ್ತಾರಾ? ಊಟಕ್ಕೆ ಏನು ಬೇಕು ಅಂದ್ರೆ ನೀರು ಅಂತ ಹೇಳ್ತೀವಾ? ಹಂಗೆ, ಮರೆತೋಯ್ತು...

ಇಲ್ಲ. ಮರೀಲಿಲ್ಲ. ನೀನು ಹಂಗೆ ನೋಡ್ತಿದ್ರೆ ಸುಳ್ಳು ಹೇಳೋಕೂ ಬರಲ್ಲ ನಂಗೆ. ನೆನಪಾಯ್ತು. ನಾಲಿಗೆ ತುದಿ ತನಕ ಬಂತು ನಿನ್ನ ಹೆಸರು. ಅಮ್ಮನೂ ಕಾದ್ಲು. ಆ ಮೂರನೇ ಬೆರಳು ಎತ್ಕೊಂಡು ಕಾದ್ಲು. ಆದ್ರೆ ಆವಾಗ ತಲೇಲಿ ಏನು ಬಂತು ಗೊತ್ತಾ? ನೀನು ಮೇಲಿನ ಮಂಚದಿಂದ ತಲೆಕೆಳಗಾಗಿ ಜೋತು ಬೀಳ್ತೀಯಲ್ಲ. ನಿನ್ನ ಕೂದಲೆಲ್ಲ ನನ್ನ ಪುಸ್ತಕದ ಮೇಲೆ ಬೀಳುತ್ತೆ. "ಅಕ್ಕಾ, ಏನು ಓದ್ತಿದ್ದೀಯ? ಅಕ್ಕಾ, ಜೋರಾಗಿ ಓದು. ಅಕ್ಕಾ, ಆಮೇಲೇನಾಯ್ತು?" ದಿನಾ. ಒಂದು ಪುಟ... ಒಂದು ಪುಟ ನಂಗೊಬ್ಬಳಿಗೇ ಅಂತ ಯಾವತ್ತೂ ಸಿಕ್ಕಿಲ್ಲ, ಇರಾ. ನೀನು ನಡಿಯೋಕೆ ಕಲಿತಾಗಿನಿಂದ.

ಮೂರು, ನನ್ನದೇ ಒಂದು ರೂಮು.

ಹೇಳ್ದೆ. ನಾನೇ ಮಡಚಿದೆ ಅವಳ ಬೆರಳು. ಅಮ್ಮ "ಸರಿ ಮಗು" ಅಂದು ಎದ್ದೋದ್ಲು. ನಿನ್ನ ಮೂರನ್ನ ತಮಾಷೆ ಅಂದ್ಕೊಂಡ್ಲು, ನನ್ನ ಮೂರನ್ನ ಉತ್ತರ ಅಂದ್ಕೊಂಡ್ಲು. "ಇರಾ ಬೇಡ" ಅಂತ ನಾನು ಹೇಳ್ಲೇ ಇಲ್ಲ... ನನ್ನಾಣೆ, ಹೇಳ್ಲೇ ಇಲ್ಲ. ಡಾಲಿ ಅಂತ ಬರೆದೆ, ಅಷ್ಟೇ.

ನಿನ್ನ ಬೆರಳು ಇನ್ನೂ ನಿಂತಿದೆಯಲ್ಲ, ಪುಟ್ಟಿ. ಒಂದು. ತಾ, ಅದನ್ನ... ಯಾಕೆ ಕೈ ಹಿಂದಕ್ಕೆ ಎಳ್ಕೊಳ್ತೀಯ? ಮುಟ್ಟಬಾರ್ದಾ ನಾನು?

ಎಲ್ಲಿಗೆ? ಇರಾ, ಎಲ್ಲಿಗೆ ಹೋಗ್ತಿದ್ದೀಯ? ಅದು ಬಟ್ಟೆ ಒಣಗಿಸೋ ರೂಮು, ಅಲ್ಲೇನಿದೆ... ಬಿಸಿ ಗಾಳಿ ಫ್ಯಾನ್ ಓಡ್ತಿದೆ, ಒಳಗೆ ಸೆಕೆ ಕಣೇ. ಬಾಗಿಲು ಹಾಕ್ಬೇಡ. ಹಾಕ್ಬೇಡ ಅಂದೆ...

ಇರಾ!

ತೆಗಿ. ನೋಡು, ನಾನು ಅಮ್ಮನ ಹತ್ರ ಹೋಗ್ತೀನಿ. ಈಗ್ಲೇ ಹೋಗ್ತೀನಿ. ನಾನೂ ಬರ್ತೀನಿ ಅಂತೀನಿ, ಇಲ್ಲಾ ಇರಾನೂ ಇಲ್ಲೇ ಇರ್ಲಿ ಅಂತೀನಿ... ಇನ್ನೂ ಭಾನುವಾರ ಬಂದಿಲ್ಲ... ಟಿಕೆಟ್ ಆಗೋಗಿದೆ. ಗೊತ್ತು. ಮುಂದಿನ ಎಷ್ಟೋ ವಾರದ್ದು ಬರೆದಾಗಿದೆ. ಗೊತ್ತು ಕಣೇ.

ಅಳ್ತಿದ್ದೀಯಾ ಒಳಗೆ? ಫ್ಯಾನ್ ಸದ್ದಲ್ಲಿ ಗೊತ್ತಾಗ್ತಿಲ್ಲ. ನಗ್ತಿದ್ದೀಯಾ? ಏನಾದ್ರೂ ಮಾಡು. ಬಾಗಿಲಾದ್ರೂ ಒದಿ.

ಮಷಿನ್ ನಿಂತೋಯ್ತು. ನಿನ್ನ ಬಟ್ಟೆ ಎಲ್ಲಾ ಆಗಿದೆ, ಒಣಗಿ ಹಾಕ್ಬೇಕು. ಆ ರೂಮಲ್ಲೇ ಹಾಕ್ಬೇಕು. ತೆಗೀಲೇಬೇಕು ನೀನು, ಅಲ್ವಾ?

ಇರಾ... ಇನ್ನೊಂದ್ಸಲ ಕೇಳು. ಬಾಗಿಲು ತೆಗಿಯೋದೇನೂ ಬೇಡ, ಅಲ್ಲಿಂದಾನೇ ಕೇಳು. ಮೂರು ಹೇಳು ಅಂತ. ಒಂದ್ಸಲ ಕೇಳೇ.

ಇರಾ?